ದುಭಾಷಿಯ ಕೂಲಿ

ನನ್ನ ಹೆಸರು ಈ ಊರಿನವರ ನಾಲಿಗೆಗೆ ಹೊರಳದು.
ಮೊದಲಕ್ಷರ ನುಂಗಿ, ಬಾಲಕ್ಕೆ ತಮ್ಮ ದೇವರನ್ನು ಕಟ್ಟಿ
ಉರ್‌ನಿಗರ್ ಎನ್ನುತ್ತಾರೆ. ಓಗೊಡುತ್ತೇನೆ.
ಗಿರ್ಸುವಿಗೆ ಬಂದು ಮೂವತ್ತು ಸುಗ್ಗಿ ಕಳೆಯಿತು.
ದಿನಕ್ಕೆರಡು ಬೋಗುಣಿ ಜವೆಗೋಧಿ, ತಿಂಗಳಿಗೊಂದು ಕುಡಿಕೆ ಎಳ್ಳೆಣ್ಣೆ:
ಇಷ್ಟು ನನ್ನ ಬಾಯಿಯ ಬೆಲೆ.

ಮೆಲುಹ್ಹದ ಹಡಗು ಬಂದ ದಿನ ನಾನು ದೊಡ್ಡ ಮನುಷ್ಯ,
ಬಾರದ ದಿನ ನಿನ್‌ಹೆದುವಿನ ಹೆಂಡದಂಗಡಿಯಲ್ಲಿ
ಜೊಂಡಿನ ಕೊಳವೆ ಕಚ್ಚಿಕೊಂಡು ಕೂತ ಮುದುಕ.

ನಿನ್ನೆ ಅಲ್ಲಿ ಜಗಳ.
ಯಾರ ಹೊಳೆ ದೊಡ್ಡದು?

ಹೆನು ಶುರುಮಾಡಿದ. ಮರ ಸಾಗಿಸುವ ಹಡಗಿನಿಂದ
ತಪ್ಪಿಸಿಕೊಂಡು ಮೂರು ರಾಜ್ಯ ದಾಟಿದ ನೈಲಿನ ಹುಡುಗ.
"ನಮ್ಮದು ಹೇಳಿ ಬರುವ ಹೊಳೆ. ಕೊಯ್ಲು ಮುಗಿದು, ಕಣ ಗುಡಿಸಿ,
ಹೆಂಗಸರು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ
ನಸುಕಿಗೆ ಒಂದು ಚುಕ್ಕಿ ಕಣ್ಣು ಹೊಡೆಯುತ್ತದೆ.
ನೀರು ಮೆಟ್ಟಿಲು ಹತ್ತುತ್ತದೆ, ಮನೆಗೆ ಬಂದ ಅಳಿಯನಂತೆ.
ಉಂಡು, ಮಲಗಿ, ಕರಿಮಣ್ಣಿನ ಉಡುಗೊರೆ ಇಟ್ಟು ಹೋಗುತ್ತದೆ."

ಲುಗಿರಿ ನಕ್ಕ. ಕೋಠಿಯ ಲೆಕ್ಕಿಗ,
ಉಗುರಿನಲ್ಲಿ ಸದಾ ಹಸಿಮಣ್ಣು.
"ನಮ್ಮ ಟೈಗ್ರಿಸ್ ಅಳಿಯನಲ್ಲ, ಸಾಲ ಕೊಟ್ಟ ಶೆಟ್ಟಿ.
ತೆನೆ ಬಲಿತು, ಕುಡುಗೋಲು ಮಸೆಯುವ ಹೊತ್ತಿಗೆ ಸರಿಯಾಗಿ
ಬಾಗಿಲು ಒದೆಯುತ್ತಾನೆ.
ಅದಕ್ಕೇ ಕಟ್ಟೆ. ಕಟ್ಟೆಗೆ ಆಳು. ಆಳಿಗೆ ಜವೆ.
ಜವೆಗೆ ಲೆಕ್ಕ. ಲೆಕ್ಕಕ್ಕೆ ನಾನು.
ಹೊಳೆ ಒಳ್ಳೆಯದಾಗಿದ್ದರೆ, ತಮ್ಮಾ,
ಬರೆಯುವ ವಿದ್ಯೆ ಯಾರಿಗೆ ಬೇಕಿತ್ತು?"

ನೀಲಿಕಲ್ಲು ಮಾರುವವನೊಬ್ಬ ಮೂಲೆಯಿಂದ:
ಮೂಡಲಲ್ಲಿ, ಬೆಟ್ಟಗಳ ಆಚೆಯ ಬೆಟ್ಟಗಳ ಆಚೆ,
ಹಳದಿ ಹೊಳೆಯೊಂದು ಇದೆಯಂತೆ,
ಅದು ಮಗ್ಗುಲು ಬದಲಿಸಿದರೆ ಊರಿಗೆ ಊರೇ ಇಲ್ಲವಂತೆ.
ಅವನೂ ನೋಡಿಲ್ಲ. ಅವನಿಗೆ ಹೇಳಿದವನೂ.

"ನಿನ್ನದು?" ಎಂದರು ನನಗೆ.

ಏನು ಹೇಳಲಿ? ಹಿಮ ಕರಗಿ ಬರುವ ಕೆಂಪು ನೀರು,
ಅದರಲ್ಲಿ ಕೊಂಬು ಮಾತ್ರ ಕಾಣುವ ಎಮ್ಮೆಗಳು.
ಮನೆಮನೆಗೂ ಬಚ್ಚಲು, ಬಚ್ಚಲಿಗೆ ಮೋರಿ,
ಮೋರಿಗೆ ಮುಚ್ಚಳ ಎಂದೆ.
ಹೆನು ಹೊಟ್ಟೆ ಹಿಡಿದು ನಕ್ಕ:
"ನಾವು ಬೆಟ್ಟದೆತ್ತರ ಗೋರಿ ಕಟ್ಟಿದೆವು,
ನೀವು ಬಚ್ಚಲು ಕಟ್ಟಿದಿರಾ?"

"ಕಟ್ಟಿಸಿದ ದೊರೆ ಯಾರು?" ಲುಗಿರಿಯ ಪ್ರಶ್ನೆ.
ಎರಡು ಸೀಮೆಯ ಬೈಗುಳ ಬಲ್ಲ ನಾನು
ಅಲ್ಲಿ ತಡವರಿಸಿದೆ.
ಇಲ್ಲಿ ಇಟ್ಟಿಗೆಗೂ ದೊರೆಯ ಹೆಸರು ಒತ್ತುತ್ತಾರೆ.
ನಮ್ಮಲ್ಲಿ ದಪ್ಪ ಒಂದು, ಅಗಲ ಎರಡು, ಉದ್ದ ನಾಲ್ಕು;
ಇಟ್ಟಿಗೆಗೆ ಅಷ್ಟೇ ಹೆಸರು.
ಅಳತೆ ತಪ್ಪಿದರೆ ಬೀದಿಗಿಳಿದು ಬೈಯುವ ಮುದುಕಿಯರಿದ್ದರು.
ಅವರೇ ದೊರೆಗಳೋ, ಅವರ ಹಿಂದೆ ಬೇರೆ ಯಾರಾದರೂ ಇದ್ದರೋ,
ಹನ್ನೆರಡು ವರ್ಷದ ಹುಡುಗ ಹಡಗು ಹತ್ತುವಾಗ
ಕೇಳಿಕೊಂಡು ಬರಲಿಲ್ಲ.

ನಿನ್‌ಹೆದು ಕೊಡ ಕೆಳಗಿಟ್ಟಳು.
"ಯಾವ ಹೊಳೆಯಾದರೇನು,
ಹೊರುವುದು ಈ ಸೊಂಟವೇ. ಜಾಗ ಬಿಡಿ."

ಜಗಳ ತಣಿದ ಮೇಲೆ ಲುಗಿರಿ ನನ್ನ ಮುದ್ರೆ ಕೇಳಿದ.
ಅಪ್ಪ ಕೊಟ್ಟ ಬಿಳಿಗಲ್ಲು: ಒಂಟಿಕೊಂಬಿನ ಪ್ರಾಣಿ,
ಅದರ ಬೆನ್ನ ಮೇಲೆ ಐದು ಗೀಟು, ಒಂದು ಮೀನು.
ಹಸಿಮಣ್ಣಿಗೆ ಒತ್ತಿ, ದೀಪಕ್ಕೆ ಹಿಡಿದು,
"ಇದನ್ನು ಓದಿ ಹೇಳು, ನಮ್ಮ ಅಕ್ಷರದಲ್ಲಿ
ಪಕ್ಕದಲ್ಲೇ ಬರೆದಿಡುತ್ತೇನೆ" ಎಂದ.

ಒಂದು ಗಡಿಗೆ ಕೊಡಿಸು, ಹೇಳುತ್ತೇನೆ ಎಂದೆ.
ಅರ್ಧ ಎಂದ.
ನಾನು ಮೆಲುಹ್ಹದವನು. ತೂಕದಲ್ಲಿ ಅರ್ಧಕ್ಕೆ ಒಪ್ಪುವ ಜಾತಿಯಲ್ಲ.
ಮುಕ್ಕಾಲು ಎಂದ. ತಲೆ ಆಡಿಸಿದೆ.

ನಾಳೆ ನೋಡೋಣ ಎಂದು ಎದ್ದೆವು.
ಕಾಲುವೆಯ ಏರಿ ಹಿಡಿದು ಒಬ್ಬನೇ ನಡೆದೆ.
ಹೊಲದಲ್ಲಿ ಜವೆ ಹಣ್ಣಾಗಿತ್ತು.
ಕತ್ತಲಲ್ಲಿ, ಸದ್ದಿಲ್ಲದೆ, ನೀರು ಏರುತ್ತಿತ್ತು.